ಗೊಂಬೆ ಸಾಲಿನಲ್ಲಿ ನಮ್ಮ ಸಿಪಾಯಿ ಎಲ್ಲಿ?

ದೀಪಾವಳಿಗೆ ಇನ್ನೊಂದು ವಾರ ಎನ್ನುವಾಗ ಸೂರತ್‌ನ ಉಧನಾ ಭಾಗದಲ್ಲಿರುವ ನಮ್ಮ ಸೊಸೈಟಿಯ ಮರಾಠಿ ಮನೆಗಳ ಮಕ್ಕಳು ಕಾಂಪೌಂಡಿನ ಮೂಲೆಗೆ ಇಟ್ಟಿಗೆ, ಹಳೆಯ ಗೋಣಿಚೀಲ, ಬಕೆಟ್‌ಗಟ್ಟಲೆ ಮಣ್ಣು ಹೊತ್ತು ತರುತ್ತಾರೆ. ಎರಡು ದಿನದಲ್ಲಿ ಅಲ್ಲೊಂದು 'ಕಿಲ್ಲಾ' ಏಳುತ್ತದೆ. ಇಳಿಜಾರಿನಲ್ಲಿ ಸಾಸಿವೆ ಎರಚಿ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಬೆಟ್ಟ ಹಸಿರಾಗಿರುತ್ತದೆ. ಮೇಲೆ ಸಿಂಹಾಸನದಲ್ಲಿ ಶಿವಾಜಿ ಮಹಾರಾಜರು. ಮೆಟ್ಟಿಲುಗಳ ಮೇಲೆ, ಬುರುಜುಗಳ ಮೇಲೆ ಕತ್ತಿ, ಗುರಾಣಿ ಹಿಡಿದ ಮಣ್ಣಿನ ಮಾವಳರು. ಬೆಳಗಾವಿ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಅಲ್ಲಿ ಗಲ್ಲಿ ಗಲ್ಲಿಯಲ್ಲೂ ಕಿಲ್ಲಾ ಕಟ್ಟುತ್ತಾರೆ, ಸ್ಪರ್ಧೆಯೂ ನಡೆಯುತ್ತದೆ. ಇಲ್ಲಿ ವಡೋದರಾದಲ್ಲಂತೂ ಗಾಯಕ್ವಾಡರ ಕಾಲದಿಂದ ನೆಲೆಸಿದ ಮರಾಠಿ ಮನೆತನಗಳಿವೆ. ಹಬ್ಬದ ಈ ಪದ್ಧತಿ ಅವರೊಂದಿಗೇ ಗುಜರಾತಿಗೆ ಬಂದಿದೆ.

ಈ ಸಲ ಕಿಲ್ಲಾ ನೋಡುತ್ತ ನಿಂತಿದ್ದಾಗ ಮೂಲ ಸೂರತ್ತಿನವರಾದ ಪಕ್ಕದ ಮನೆಯ ಕಾಕಾ ನಗುತ್ತಲೇ ಹೇಳಿದರು: "ಇದೇ ಸೈನ್ಯ ನಮ್ಮೂರನ್ನ ಎರಡು ಸಲ ಲೂಟಿ ಮಾಡಿತ್ತು, ಗೊತ್ತಲ್ಲ?" ಅವರು ಹೇಳಿದ್ದು ನಿಜ. 1664ರ ಜನವರಿಯಲ್ಲಿ ಒಮ್ಮೆ, 1670ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ಶಿವಾಜಿಯ ಪಡೆ ಸೂರತ್‌ಗೆ ನುಗ್ಗಿತ್ತು. ಆಗ ಇದು ಮೊಘಲರ ಶ್ರೀಮಂತ ಬಂದರು. ಮೊದಲ ದಾಳಿಯ ವೇಳೆ ಮೊಘಲ್ ಅಧಿಕಾರಿ ಇನಾಯತ್ ಖಾನ್ ಊರನ್ನು ಬಿಟ್ಟು ತಾಪಿ ದಡದ ಕೋಟೆಯೊಳಗೆ ಸೇರಿಕೊಂಡ. ಆ ಕೋಟೆಯನ್ನು ಮಹಾನಗರಪಾಲಿಕೆ ಈಗ ದುರಸ್ತಿ ಮಾಡಿಸಿ ಮ್ಯೂಸಿಯಂ ಮಾಡಿದೆ.

ನಾನು ಬೈಲಹೊಂಗಲ ತಾಲೂಕಿನವನು. ನಮ್ಮ ತಾಲೂಕಿನ ಬೆಳವಡಿಗೆ ಈ ಮಾವಳನ ನೆನಪು ಮತ್ತೊಂದು ಬಗೆಯದು. 1678ರ ಸುಮಾರಿಗೆ, ದಕ್ಷಿಣದ ದಂಡಯಾತ್ರೆ ಮುಗಿಸಿ ಮರಳುತ್ತಿದ್ದ ಶಿವಾಜಿಯ ಪಡೆ ಬೆಳವಡಿಗೆ ಮುತ್ತಿಗೆ ಹಾಕಿತು. ಗಂಡ ಈಶಪ್ರಭು ತೀರಿಕೊಂಡ ಮೇಲೂ ಮಲ್ಲಮ್ಮ ಹೆಣ್ಣುಮಕ್ಕಳ ಪಡೆ ಕಟ್ಟಿಕೊಂಡು ಕಾದಿದಳು. ಕೊನೆಗೆ ಶಿವಾಜಿ ಆಕೆಯನ್ನು ಗೌರವದಿಂದ ಕಂಡು ಸಂಸ್ಥಾನವನ್ನು ಮರಳಿಸಿದನೆಂದು ನಮ್ಮ ಕಡೆ ಹೇಳುತ್ತಾರೆ. ಧಾರವಾಡ ಹತ್ತಿರದ ಯಾದವಾಡದಲ್ಲಿ ಶಿವಾಜಿಯ ಉಬ್ಬುಶಿಲ್ಪವೊಂದಿದೆ. ಅದರಲ್ಲಿ ಅವನ ತೊಡೆಯ ಮೇಲಿರುವ ಮಗು ಮಲ್ಲಮ್ಮನದೇ ಎಂಬುದು ಊರವರ ನಂಬಿಕೆ.

ಹೀಗೆ ನಾಲ್ಕು ಬೆರಳೆತ್ತರದ ಒಬ್ಬ ಮಣ್ಣಿನ ಸಿಪಾಯಿ ಒಂದೂರಿಗೆ ವೀರ, ಇನ್ನೊಂದೂರಿಗೆ ದಾಳಿಕೋರ. ಮತ್ತೊಂದೂರಿನವರು ಅವನೆದುರು ಕಾದಾಡಿ ಕಡೆಗೆ ಗೌರವ ಪಡೆದವರು. ಆಟಿಕೆ ಎಂದು ನಾವು ಬದಿಗಿಡುವ ವಸ್ತುವಿನಲ್ಲಿ ಇಷ್ಟೆಲ್ಲ ಅಡಗಿದೆ. ಹಾಗಿದ್ದಮೇಲೆ ಒಂದು ಪ್ರಶ್ನೆ ಕೇಳಲೇಬೇಕು. ಮರಾಠಿ ಮಗುವಿಗೆ ಮಾವಳನಿದ್ದಾನೆ, ಜಪಾನಿನ ಮಗುವಿಗೆ ಸಮುರಾಯ್ ಇದ್ದಾನೆ. ಕನ್ನಡದ ಮಗುವಿನ ಕೈಗೆ ಕೊಡಲು ನಮ್ಮ ಸಿಪಾಯಿ ಎಲ್ಲಿ?

ಅಚ್ಚು ಯಾರ ಕೈಯಲ್ಲಿದೆ?

ಪುಟ್ಟ ಸೈನಿಕ ಗೊಂಬೆಗಳನ್ನು ಕೂಡಿಸುವುದು, ಬಣ್ಣ ಬಳಿಯುವುದು, ಸಾಲಾಗಿ ಜೋಡಿಸಿ ಫೋಟೊ ತೆಗೆಯುವುದು ಜಗತ್ತಿನಾದ್ಯಂತ ದೊಡ್ಡವರ ಹವ್ಯಾಸ. ಇದಕ್ಕೆ ತನ್ನದೇ ಅಳತೆಗಳಿವೆ. ಹಳೆಯ ಕಾಲದಿಂದ ಬಂದದ್ದು 54 ಮಿಲಿಮೀಟರ್ ಗೊಂಬೆ, ಎಂದರೆ ಸುಮಾರು 1:32 ಅಳತೆ. 172 ಸೆಂಟಿಮೀಟರ್ ಎತ್ತರದ ಮನುಷ್ಯ ಅಲ್ಲಿ ಐದೂವರೆ ಸೆಂಟಿಮೀಟರಿಗೆ ಇಳಿಯುತ್ತಾನೆ. 1:72ರ ಅಳತೆಯಲ್ಲಿ ಅವನೇ ಎರಡೂವರೆ ಸೆಂಟಿಮೀಟರಿಗೂ ಕಡಿಮೆ. ಅಳತೆ ಕೆಟ್ಟರೆ ಪಕ್ಕದ ಕುದುರೆ ಕತ್ತೆಯಂತೆ ಕಾಣುತ್ತದೆ, ಫಿರಂಗಿ ಒನಕೆಯಂತೆ.

1893ರಲ್ಲಿ ಲಂಡನ್ನಿನ ಬ್ರಿಟನ್ಸ್ ಕಂಪನಿ ಟೊಳ್ಳು ಸೀಸದ ಸಿಪಾಯಿಗಳನ್ನು ಮಾರುಕಟ್ಟೆಗೆ ತಂದ ಮೇಲೆ ಈ ಗೊಂಬೆಗಳು ಸಾಮಾನ್ಯ ಮನೆಗಳಿಗೂ ತಲುಪಿದವು. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ದು, ಹೊರಪದರ ಗಟ್ಟಿಯಾದ ಕೂಡಲೇ ಒಳಗಿನದನ್ನು ಹೊರಚೆಲ್ಲುವುದು ಅವರ ವಿಧಾನ. ಲೋಹ ಉಳಿಯಿತು, ತೂಕ ಇಳಿಯಿತು, ಬೆಲೆಯೂ ಇಳಿಯಿತು. ಅವರ ಪೆಟ್ಟಿಗೆಗಳಲ್ಲಿ ಭಾರತದ ಸವಾರರೂ ಇದ್ದರು: ಬಂಗಾಳ ಲ್ಯಾನ್ಸರ್, ಸ್ಕಿನ್ನರ್ಸ್ ಹಾರ್ಸ್. ಆದರೆ ಅವರೆಲ್ಲ ಸಾಮ್ರಾಜ್ಯದ ಸೇವೆಯಲ್ಲಿದ್ದ ಭಾರತೀಯರು. ಸಾಮ್ರಾಜ್ಯಕ್ಕೆ ಎದುರು ನಿಂತ ಭಾರತೀಯನನ್ನು ಲಂಡನ್ನಿನ ಮಗುವಿಗೆ ಮಾರುವ ಅಗತ್ಯ ಅವರಿಗಿರಲಿಲ್ಲ.

ಇದನ್ನು ದೂರಿನಂತೆ ಹೇಳುತ್ತಿಲ್ಲ. ಅಚ್ಚು ಕೊರೆಯುವವನು ತನಗೆ ಕಂಡದ್ದನ್ನೇ ಕೊರೆಯುತ್ತಾನೆ. ಜಪಾನಿನವರು ಇದನ್ನು ಬೇಗ ಅರ್ಥ ಮಾಡಿಕೊಂಡರು. ಶಿಜುವೊಕಾ ಊರಿನ ತಮಿಯಾ ಕಂಪನಿ 1968ರಲ್ಲಿ 1:35 ಅಳತೆಯ ಸೈನಿಕ ಮಾಲಿಕೆ ಶುರು ಮಾಡಿತು. ಜರ್ಮನ್ ಟ್ಯಾಂಕುಗಳನ್ನು ಮಾರಿ ಹೆಸರು ಮಾಡಿದ ಅದೇ ಕಂಪನಿ ತನ್ನ ನಾಡಿನ ಸಮುರಾಯ್‌ಗಳನ್ನೂ ಪೆಟ್ಟಿಗೆಗೆ ಹಾಕಿತು. ಚೀನಾದ ಶಿಯಾನ್ ಬಳಿ 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಆಳೆತ್ತರದ ಮಣ್ಣಿನ ಸೈನ್ಯದ ಕಿರು ಪ್ರತಿಗಳು ಇಂದು ಯಾವ ದೇಶದ ಮೇಜಿನ ಮೇಲೆ ಬೇಕಾದರೂ ಸಿಗುತ್ತವೆ. ಹಾಂಗ್‌ಕಾಂಗಿನ ಕಿಂಗ್ ಆ್ಯಂಡ್ ಕಂಟ್ರಿ ಕಂಪನಿ ತನ್ನ ಊರಿನ ಹಳೆಯ ಬೀದಿಗಳನ್ನೇ ಒಂದು ಮಾಲಿಕೆ ಮಾಡಿದೆ. ರಿಕ್ಷಾ ಎಳೆಯುವವನೂ ಅದರಲ್ಲಿದ್ದಾನೆ.

ನನ್ನ ಕಪಾಟಿನಲ್ಲಿ ಹತ್ತು ವರ್ಷದಲ್ಲಿ ಸೇರಿದ ಏಷ್ಯಾದ ಸೈನಿಕರಿದ್ದಾರೆ. ಸಮುರಾಯ್‌ಗಳು, ಗೂರ್ಖಾಗಳು, ರುಮಾಲು ಸುತ್ತಿದ ಸಿಖ್ಖರು, ಬೆಳಗಾವಿ ಸಂತೆಯಲ್ಲಿ ಕೊಂಡ ಮಾವಳರು. ಕರ್ನಾಟಕದ ಸಿಪಾಯಿಯನ್ನು ಅಳತೆ, ಉಡುಪು ಎರಡೂ ಸರಿಯಾಗಿರುವಂತೆ ಮಾಡಿ ಮಾರುವ ಅಂಗಡಿ ಬೆಂಗಳೂರಲ್ಲೂ ಮೈಸೂರಲ್ಲೂ ನನಗೆ ಸಿಕ್ಕಿಲ್ಲ.

ಕಲ್ಲಿನಲ್ಲಿದ್ದಾನೆ, ಗೋಡೆಯಲ್ಲಿದ್ದಾನೆ

ಹಾಗೆಂದು ಇದು ನಮಗೆ ಹೊರಗಿನ ಹವ್ಯಾಸವೇನಲ್ಲ. ಮೈಸೂರು ಸೀಮೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವವರ ಮನೆಗೆ ಹೋಗಿ ನೋಡಿ. ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಜಂಬೂಸವಾರಿ ಸೆಟ್ ಇರುತ್ತದೆ: ಅಂಬಾರಿ ಹೊತ್ತ ಆನೆ, ಕುದುರೆ ಸವಾರರು, ಕಾಲಾಳು, ಬ್ಯಾಂಡಿನವರು. ಕೂಡಿಸುವುದು, ಜೋಡಿಸುವುದು, ನಾಲ್ಕು ಜನಕ್ಕೆ ತೋರಿಸುವುದು, ಹಬ್ಬ ಮುಗಿದ ಮೇಲೆ ಹತ್ತಿಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗಿಡುವುದು ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದ ಕೆಲಸ. ಕೊರತೆ ಇರುವುದು ಆ ಸೈನಿಕರಲ್ಲಿ. ಅವರು ಯಾವ ಕಾಲದವರು, ಯಾವ ಪಡೆಯವರು ಎಂದು ಕೇಳಿದರೆ ಉತ್ತರವಿಲ್ಲ. ಕೆಂಪು ಅಂಗಿ, ಬಿಳಿ ಚಡ್ಡಿ, ಕೈಯಲ್ಲೊಂದು ಕಡ್ಡಿ, ಅಷ್ಟೇ.

ನಿಜವಾದ ಸಿಪಾಯಿಗಳು ನಮ್ಮ ಕಲ್ಲುಗಳಲ್ಲಿದ್ದಾರೆ. ವೀರಗಲ್ಲು ಎಂದರೆ ಒಂದು ಕದನವನ್ನು ಒಂದೇ ಬಂಡೆಯ ಅಳತೆಗೆ ಇಳಿಸಿದ ಕೆಲಸ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಗಂಗರ ಕಾಲದ ಬೇಗೂರು ವೀರಗಲ್ಲಿನ ಮುಂದೆ ಹತ್ತು ನಿಮಿಷ ನಿಲ್ಲಿ. ನಾಗತ್ತರ ಕಾದಿ ಮಡಿದ ಆ ಯುದ್ಧದಲ್ಲಿ ಆನೆಯಿದೆ, ಕುದುರೆಯಿದೆ, ಬಿದ್ದವರಿದ್ದಾರೆ, ಬೀಳಿಸುತ್ತಿರುವವರಿದ್ದಾರೆ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಬುಡದ ಪಟ್ಟಿಕೆಯಲ್ಲಿ ಕುದುರೆ ಸವಾರರು ಸಾಲುಗಟ್ಟಿ ಓಡುತ್ತಾರೆ. ಕಡಿವಾಣ, ಜೀನು, ಸವಾರ ಕೂತ ಭಂಗಿ ಎಲ್ಲವೂ ಅಲ್ಲಿ ಕಾಣುತ್ತದೆ. ಹಂಪಿಯ ಹಜಾರರಾಮ ದೇಗುಲದ ಹೊರಗೋಡೆಯಲ್ಲಿ ಆನೆ, ಕುದುರೆ, ಕಾಲಾಳುಗಳ ಮೆರವಣಿಗೆ ಸುತ್ತುತ್ತದೆ. ಗೊಂಬೆ ಕೊರೆಯುವವನಿಗೆ ಇದಕ್ಕಿಂತ ಒಳ್ಳೆಯ ನಕಾಶೆ ಎಲ್ಲಿ ಸಿಗಬೇಕು?

ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯಲ್ಲಿ 1780ರ ಪೊಳ್ಳಿಲೂರು ಕದನ ಚಿತ್ರಿತವಾಗಿದೆ. ಹೈದರ್, ಟಿಪ್ಪು ಒಂದು ಕಡೆ. ಇನ್ನೊಂದು ಕಡೆ ಚೌಕಾಕಾರವಾಗಿ ನಿಂತ ಕಂಪನಿ ಪಡೆ, ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೈಲಿ, ಸಿಡಿಯುತ್ತಿರುವ ಮದ್ದಿನ ಬಂಡಿ. ಆದರೆ ಒಂದು ಎಚ್ಚರ ಬೇಕು. ಆ ಚಿತ್ರವನ್ನು ಮುಂದೆ ಬ್ರಿಟಿಷರ ಕಾಲದಲ್ಲಿ ಮತ್ತೆ ಬರೆಸಿದ್ದಾರೆ. ಆದ್ದರಿಂದ ಅಲ್ಲಿ ಕಂಡ ಬಣ್ಣವೆಲ್ಲ 1780ರ ಬಣ್ಣ ಎನ್ನಲಾಗದು. ಬೇರೆ ಬರಹ, ಬೇರೆ ಚಿತ್ರಗಳ ಜೊತೆ ಇಟ್ಟು ನೋಡಬೇಕು. ಟಿಪ್ಪುವಿನ ಕಾಲಾಳುಗಳ ಹುಲಿಪಟ್ಟೆಯ ಅಂಗಿಯ ವಿಷಯ ಅಂದಿನ ಇಂಗ್ಲಿಷ್ ಬರಹಗಳಲ್ಲೂ ಇದೆ.

ಈ ಹವ್ಯಾಸದ ನಿಜವಾದ ಲಾಭ ಇರುವುದು ಇಲ್ಲೇ. ಪುಸ್ತಕ ಓದುವಾಗ 'ರಾಕೆಟ್ ಪಡೆ' ಎಂಬ ಪದ ಸಲೀಸಾಗಿ ದಾಟಿಹೋಗುತ್ತದೆ. ಗೊಂಬೆ ಮಾಡಲು ಕೂತರೆ ಆ ಪದವನ್ನು ದಾಟಲು ಆಗುವುದಿಲ್ಲ. ರಾಕೆಟ್ ಎಷ್ಟು ಉದ್ದ? ಯಾವ ಲೋಹ? ಎಲ್ಲಿ ಕಟ್ಟುತ್ತಿದ್ದರು? 2018ರಲ್ಲಿ ಹೊಸನಗರ ತಾಲೂಕಿನ ನಗರದ ಹಳೆಯ ಬಾವಿಯೊಂದರಲ್ಲಿ ಸಾವಿರದಷ್ಟು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕವು. ಅವು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯ ಸೇರಿದವು. ಒಂದು ಕೊಳವೆ ಸುಮಾರು 25 ಸೆಂಟಿಮೀಟರ್ ಎಂದುಕೊಂಡರೆ 1:32ರಲ್ಲಿ ಅದು 8 ಮಿಲಿಮೀಟರ್. ಅದಕ್ಕೆ ಕಟ್ಟಿದ ಬಿದಿರು ಗೊಂಬೆಗಿಂತ ಎತ್ತರವಿರಬಹುದು. ಅಷ್ಟುದ್ದದ ಕೋಲುಗಳ ಕಟ್ಟನ್ನು ಹೊತ್ತು ಆ ಸಿಪಾಯಿ ಹೇಗೆ ಓಡುತ್ತಿದ್ದ? ಮಳೆಯಲ್ಲಿ ಮದ್ದನ್ನು ಹೇಗೆ ಕಾಯುತ್ತಿದ್ದ? ಇಂಥ ಪ್ರಶ್ನೆ ಪರೀಕ್ಷೆಯಲ್ಲಿ ಬರುವುದಿಲ್ಲ. ಗೊಂಬೆಯ ಮುಂದೆ ಕೂತವನಿಗೆ ಬಂದೇ ಬರುತ್ತದೆ.

ರಾಜರು ಸಾಕು, ಸಿಪಾಯಿ ಬೇಕು

ನಮ್ಮಲ್ಲಿ ಇತಿಹಾಸವೆಂದರೆ ಪ್ರತಿಮೆ. ವೃತ್ತಕ್ಕೊಂದು ಕುದುರೆ, ಕುದುರೆಯ ಮೇಲೊಬ್ಬ ರಾಜ. ಪ್ರತಿಮೆಗಳ ಸುತ್ತ ಎಷ್ಟು ಗಲಾಟೆ ಏಳಬಲ್ಲದು ಎಂಬುದನ್ನು ನಮ್ಮ ಬೆಳಗಾವಿ ಜಿಲ್ಲೆ ಕಂಡಿದೆ. ಯಾರ ಪ್ರತಿಮೆ ಎತ್ತರ, ಯಾವ ವೃತ್ತದಲ್ಲಿ, ಯಾರು ಹಾರ ಹಾಕಬೇಕು, ಯಾರು ಮಸಿ ಬಳಿದರು. ಇದರಲ್ಲಿ ಆ ರಾಜ ಏನು ಮಾಡಿದ, ಅವನ ಜೊತೆ ನಿಂತವರು ಯಾರು ಎಂಬ ಮಾತು ಬರುವುದೇ ಇಲ್ಲ. ಪ್ರತಿಮೆ ನಮ್ಮನ್ನು ತಲೆಯೆತ್ತಿ ನೋಡುವಂತೆ ಮಾಡುತ್ತದೆ. ಗೊಂಬೆಯನ್ನು ಬಗ್ಗಿಯೇ ನೋಡಬೇಕು. ಬಗ್ಗಿ ನೋಡುವವನು ಜಗಳಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳುತ್ತಾನೆ.

ಆದ್ದರಿಂದ ನನ್ನ ಒತ್ತಾಯ ರಾಜರ ಗೊಂಬೆಗಳಿಗಲ್ಲ, ಹೆಸರಿಲ್ಲದ ಸಿಪಾಯಿಗಳ ಗೊಂಬೆಗಳಿಗೆ. ಜೊತೆಗೆ ಒಂದು ನಿಯಮ: ಎದುರು ಪಾಳೆಯದವನನ್ನೂ ಇಡಬೇಕು. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದದ್ದು ನಮಗೆಲ್ಲ ಗೊತ್ತು. ಅವನ ಜೊತೆ ಬಂದಿದ್ದ ಪಡೆಯಲ್ಲಿ ಮದ್ರಾಸ್ ಪ್ರಾಂತದ ದೇಶೀ ಸೈನಿಕರೂ ಇದ್ದರು. ಆ ದಿನವನ್ನು ಮೇಜಿನ ಮೇಲೆ ಕಟ್ಟಿದರೆ ಫಿರಂಗಿಯ ಪಕ್ಕದಲ್ಲಿ ಒಬ್ಬ ತಮಿಳನನ್ನೋ ತೆಲುಗನನ್ನೋ ನಿಲ್ಲಿಸಲೇಬೇಕು. ಸಂಬಳಕ್ಕೆ ದುಡಿಯಲು ಊರು ಬಿಟ್ಟು ಬಂದ ಆ ಮನುಷ್ಯನ ಪಾಡು ಏನು? ಕಿತ್ತೂರಿನ ಹೆಮ್ಮೆ ಇದರಿಂದ ಕುಗ್ಗುವುದಿಲ್ಲ. ಯುದ್ಧ ಎಂದರೇನು ಎಂಬುದು ಮಾತ್ರ ಸರಿಯಾಗಿ ಕಾಣುತ್ತದೆ.

ಇನ್ನೊಬ್ಬ ಸಿಪಾಯಿ ಮೈಸೂರು ಲ್ಯಾನ್ಸರ್. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ತುರ್ಕರಿಂದ ಬಿಡಿಸಿದ ಕಾಳಗದಲ್ಲಿ ಜೋಧಪುರ ಲ್ಯಾನ್ಸರ್‌ಗಳ ಜೊತೆ ಮೈಸೂರಿನ ಸವಾರರೂ ಇದ್ದರು. ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಮೇಲೆ ಅವರು ಏರಿಹೋದರು. ಮಷಿನ್‌ಗನ್ ಬಂದ ಕಾಲದಲ್ಲಿ ಈಟಿ ಹಿಡಿದು ಕುದುರೆಯ ಮೇಲೆ ಗೆದ್ದ ಕೊನೆಯ ಕೆಲವು ಕಾಳಗಗಳಲ್ಲಿ ಅದೊಂದು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಮೂರ್ತಿಗಳು ಹೈದರಾಬಾದ್, ಜೋಧಪುರ, ಮೈಸೂರು ಲ್ಯಾನ್ಸರ್‌ಗಳವು. 1922ರಲ್ಲಿ ನಿಂತ ಆ ಸ್ಮಾರಕದ ವೃತ್ತಕ್ಕೆ 2018ರಲ್ಲಿ ಹೈಫಾ ಹೆಸರೂ ಸೇರಿತು. ಬೆಂಗಳೂರಿನ ಜೆ.ಸಿ. ನಗರದ ಕಡೆ ಮಡಿದ ಮೈಸೂರು ಲ್ಯಾನ್ಸರ್‌ಗಳ ಸ್ಮಾರಕಸ್ತಂಭವಿದೆ. ದಿನವೂ ಸಾವಿರಾರು ಗಾಡಿಗಳು ಅದರ ಪಕ್ಕ ಹೋಗುತ್ತವೆ. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಅಶ್ವದಳಗಳನ್ನು ಸೇರಿಸಿ ಕಟ್ಟಿದ 61ನೇ ಕ್ಯಾವಲ್ರಿಯಲ್ಲಿ ಮೈಸೂರು ಲ್ಯಾನ್ಸರ್‌ಗಳೂ ಕೂಡಿಕೊಂಡರು. ಗಣರಾಜ್ಯೋತ್ಸವದ ಪೆರೇಡಿನಲ್ಲಿ ಕುದುರೆಯ ಮೇಲೆ ಬರುವ ಆ ದಳವನ್ನು ಟಿವಿಯಲ್ಲಿ ನೋಡುವ ಮಕ್ಕಳಲ್ಲಿ ಎಷ್ಟು ಜನಕ್ಕೆ ಅದರಲ್ಲಿ ಮೈಸೂರೂ ಇದೆ ಎಂದು ಗೊತ್ತು?

ಯುದ್ಧವನ್ನು ಆಟ ಮಾಡಬಹುದೆ?

ಇದಕ್ಕೆ ಬರುವ ದೊಡ್ಡ ಆಕ್ಷೇಪ ನನಗೂ ಗೊತ್ತು. ಮನೆಗೆ ಬಂದ ಹಿರಿಯರು ಕಪಾಟು ನೋಡಿ, "ಕತ್ತಿ, ಬಂದೂಕು ಬಿಟ್ಟು ಬೇರೇನೂ ಸಿಗಲಿಲ್ಲವೇನಪ್ಪಾ?" ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಫೋನಿನ ಆಟದಲ್ಲಿ ಒಂದು ಗಂಟೆಗೆ ನೂರು ಜನರನ್ನು ಕೊಲ್ಲುವ ಮಗುವಿಗೆ ಇನ್ನೊಂದು ಬಂದೂಕಿನ ಗೊಂಬೆ ಏಕೆ?

ನನ್ನ ಉತ್ತರ ಇದು. ಫೋನಿನ ಆಟದಲ್ಲಿ ಸತ್ತವನಿಗೆ ಮುಖವಿಲ್ಲ, ಮರುಕ್ಷಣ ಅವನು ಮಾಯ. ಒಂದು ಪುಟ್ಟ ಸಿಪಾಯಿಗೆ ಬಣ್ಣ ಬಳಿಯಲು ಎರಡು ವಾರದ ಸಂಜೆಗಳು ಬೇಕು. ಮೊದಲು ಬಿಳಿಯ ಪ್ರೈಮರ್, ಮೇಲೆ ತೆಳುವಾದ ಆ್ಯಕ್ರಿಲಿಕ್ ಪದರಗಳು, ಮಡಿಕೆಗಳಲ್ಲಿ ನೆರಳು, ಕೊನೆಗೆ ಮುಖ. ಕಣ್ಣಿನ ಚುಕ್ಕೆ ಇಡುವಾಗ ಉಸಿರು ಬಿಗಿ ಹಿಡಿಯಬೇಕು. ಅಷ್ಟು ಹೊತ್ತು ಒಂದು ಮುಖದ ಜೊತೆ ಕಳೆದ ಮೇಲೆ ಅವನನ್ನು ಬೀಳಿಸುವ ಆಟ ಆಡಲು ಮನಸ್ಸು ಬರುವುದಿಲ್ಲ. ನಮ್ಮ ವೀರಗಲ್ಲು ಮಾಡಿದ್ದೂ ಇದನ್ನೇ ಅಲ್ಲವೇ? ಅದು ಗೆದ್ದವನ ಜಯಸ್ತಂಭವಲ್ಲ, ಹೆಚ್ಚಿನ ಕಡೆ ಸತ್ತವನ ನೆನಪು. ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನಿಗೂ ಊರು ಕಲ್ಲು ನಿಲ್ಲಿಸಿತು. ಅಂಥ ನೆಲದವರು ಸೈನಿಕ ಗೊಂಬೆಯನ್ನು ಬಡಾಯಿಗೆ ಬಳಸಬೇಕಾಗಿಲ್ಲ.

ಫೋಟೊ ತೆಗೆಯುವಾಗಲೂ ಹಾಗೆಯೇ. ಮೇಲಿನಿಂದ ತೆಗೆದರೆ ಗೊಂಬೆ ಗೊಂಬೆಯಾಗಿಯೇ ಉಳಿಯುತ್ತದೆ. ಫೋನನ್ನು ತಲೆಕೆಳಗು ಮಾಡಿ, ಲೆನ್ಸ್ ನೆಲಕ್ಕೆ ತಾಗುವಂತೆ, ಗೊಂಬೆಯ ಕಣ್ಣಿನ ಮಟ್ಟಕ್ಕೆ ಇಳಿಸಿದರೆ ಅವನು ಮನುಷ್ಯನಾಗುತ್ತಾನೆ. ಕಿಟಕಿಯ ಬೆಳಕಿಗೆ ಒಂದು ಬಟರ್ ಪೇಪರ್ ಅಡ್ಡ ಹಿಡಿದರೆ ನೆರಳು ಮೆದುವಾಗುತ್ತದೆ. ಹತ್ತಿರದಿಂದ ತೆಗೆದಾಗ ಮೂಗು ಸ್ಪಷ್ಟವಾದರೆ ಕಿವಿ ಮಸುಕು. ಅದಕ್ಕೆ ಫೋಕಸನ್ನು ಸ್ವಲ್ಪ ಸ್ವಲ್ಪವೇ ಸರಿಸಿ ಎಂಟು ಹತ್ತು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿಸಬೇಕು. ಹಿನ್ನೆಲೆಗೆ ಸೂರತ್ ಒಳ್ಳೆಯ ಊರು. ಡುಮಸ್ ಕಡಲತೀರದ ಮರಳು ಕಪ್ಪು, ಸುಟ್ಟ ನೆಲದಂತೆ ಕಾಣುತ್ತದೆ. ಆದರೆ ಅಳತೆ ಮರೆಯುವಂತಿಲ್ಲ. 1:32ರಲ್ಲಿ ಒಂದು ಮಿಲಿಮೀಟರಿನ ಮರಳ ಕಣ ಮೂರು ಸೆಂಟಿಮೀಟರಿನ ಕಲ್ಲಾಗುತ್ತದೆ. ಆದ್ದರಿಂದ ಮರಳನ್ನು ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದೇ ಬಳಸಬೇಕು.

ಇನ್ನೊಂದು ಆಕ್ಷೇಪ ದುಡ್ಡಿನದು. ಹೊರದೇಶದ ಬಣ್ಣ ಬಳಿದ ಲೋಹದ ಗೊಂಬೆ ಒಂದಕ್ಕೇ ಹಲವು ಸಾವಿರ ರೂಪಾಯಿ. ಮೇಲೆ ಕಸ್ಟಮ್ಸ್ ಸುಂಕ. ಇದು ಎಲ್ಲರಿಗೂ ಎಟಕುವ ಮಾತಲ್ಲ. ನಮ್ಮಲ್ಲೇ ಮಾಡಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಕೈಗಳಿವೆ, ಕೂಡಿಸುವವರು ಬೇಕು

ಕರ್ನಾಟಕದಲ್ಲಿ ಕೈಗಳಿಗೆ ಕೊರತೆಯಿಲ್ಲ. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಚರಕಿಗೆ ಕೊಟ್ಟು ಅರಗಿನ ಬಣ್ಣ ಹಚ್ಚುವವರಿದ್ದಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಹಗುರ ಮರದ ತುಂಡುಗಳನ್ನು ಜೋಡಿಸಿ, ಹುಣಸೆ ಬೀಜದ ಅಂಟಿನಲ್ಲಿ ಮೆತ್ತಿ, ಕಣ್ಣು ಹುಬ್ಬು ತೀಡುವ ಚಿತ್ರಗಾರ ಮನೆತನಗಳಿವೆ. ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಗೋಕಾಕದಲ್ಲಿ ಮರದ ಹಣ್ಣು, ತರಕಾರಿಗಳನ್ನು ನಿಜವೋ ಎಂಬಂತೆ ಮಾಡುತ್ತಾರೆ. ಚರಕಿಯ ಕೆಲಸಕ್ಕೆ ದುಂಡು ಆಕಾರ ಒಗ್ಗುತ್ತದೆ, ಸಿಪಾಯಿಯ ಕೈಕಾಲಿನ ಸೂಕ್ಷ್ಮ ಒಗ್ಗದು. ಹಾಗಾಗಿ ಚನ್ನಪಟ್ಟಣದಿಂದ ಪುಟ್ಟ ಮಕ್ಕಳಿಗೆ ದುಂಡುಮೈಯ ಸಿಪಾಯಿ ಬರಲಿ. ಕಿನ್ನಾಳದ ಕುಂಚದಿಂದ ದೊಡ್ಡವರ ಕಪಾಟಿನ ಸವಾರ ಬರಲಿ.

ಗುಜರಾತಿನಲ್ಲಿ ಕೂತು ಇನ್ನೊಂದು ದಾರಿಯೂ ಕಾಣುತ್ತಿದೆ. ಸೂರತ್ ವಜ್ರದ ಊರು. ಮಹಿಧರಪುರದ ಬೀದಿಯಲ್ಲಿ ಐಗ್ಲಾಸ್ ಕಣ್ಣಿಗೆ ಇಟ್ಟು ಸಾಸಿವೆ ಕಾಳಿಗಿಂತ ಸಣ್ಣ ಹರಳನ್ನು ಚಿಮಟದಲ್ಲಿ ಹಿಡಿದು ನೋಡುವವರ ನಡುವೆ ನಡೆದರೆ ಸಣ್ಣದನ್ನು ನೋಡುವ ಕಲೆ ಎಂದರೇನು ಎಂದು ಗೊತ್ತಾಗುತ್ತದೆ. ನನ್ನ ಐಗ್ಲಾಸ್, ಚಿಮಟ ಎರಡೂ ಅಲ್ಲಿಯವೇ. ಕುದುರೆಯ ಲಗಾಮಿಗೆ, ರುಮಾಲಿನ ಅಂಚಿಗೆ ಇಲ್ಲಿಯ ಜರಿಯ ಎಳೆಗಿಂತ ಒಳ್ಳೆಯ ವಸ್ತು ನನಗೆ ಸಿಕ್ಕಿಲ್ಲ. ಇಲ್ಲಿಯ ಒಡವೆ ಕಾರ್ಖಾನೆಗಳಲ್ಲಿ ಉಂಗುರದ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಮಾಡಿ, 3ಡಿ ಪ್ರಿಂಟರಿನಲ್ಲಿ ಮಾದರಿ ತೆಗೆದು, ಅದರಿಂದ ಎರಕ ಹೊಯ್ಯುತ್ತಾರೆ. ಉಂಗುರದ ಜಾಗದಲ್ಲಿ ಲ್ಯಾನ್ಸರ್ ಇಟ್ಟರೆ ಕೆಲಸ ಅದೇ. ಮೊದಲ ಮಾದರಿ ಒಂದು ಸಿದ್ಧವಾದರೆ ಸಿಲಿಕೋನ್ ಅಚ್ಚಿನಲ್ಲಿ ರೆಸಿನ್ ಗೊಂಬೆಗಳನ್ನು ಬೇಕಾದಷ್ಟು ತೆಗೆಯಬಹುದು. ಹಳೆಯ ಕಾಲದ ಸೀಸ ಮಾತ್ರ ಬೇಡ. ಅದು ವಿಷ, ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಗೊಂಬೆ, ಆಟಗಳ ವಿನ್ಯಾಸವನ್ನೇ ಒಂದು ಸ್ನಾತಕೋತ್ತರ ವಿಷಯವಾಗಿ ಕಲಿಸುವ ಎನ್‌ಐಡಿ ಗಾಂಧಿನಗರದಲ್ಲಿದೆ. ಅಲ್ಲಿ ಓದುವ ಕನ್ನಡದ ಮಕ್ಕಳಿಗೆ ಇದೊಂದು ಒಳ್ಳೆಯ ಪ್ರಾಜೆಕ್ಟ್ ಆದೀತು.

ಹಾಗಿದ್ದರೆ ಮಾಡಬೇಕಾದ್ದೇನು? ನಮ್ಮ ಕೋಟೆ, ಮ್ಯೂಸಿಯಂಗಳ ಎದುರಿನ ಅಂಗಡಿಗಳಲ್ಲಿ ಇಂದು ಸಿಗುವುದು ಕೀಚೈನು, ಪ್ಲಾಸ್ಟಿಕ್ ಬಿಲ್ಲುಬಾಣ. ಪುರಾತತ್ವ ಇಲಾಖೆ, ಕರಕುಶಲ ನಿಗಮ, ಒಂದಿಬ್ಬರು ಇತಿಹಾಸದ ಪ್ರಾಧ್ಯಾಪಕರು ಕೂತು ಆರು ಸಿಪಾಯಿಗಳ ಒಂದು ಸೆಟ್ ನಿರ್ಧರಿಸಲಿ. ಬೇಗೂರು ಕಲ್ಲಿನ ಗಂಗರ ಯೋಧ, ಹಳೇಬೀಡಿನ ಸವಾರ, ಬೆಳವಡಿಯ ಹೆಣ್ಣು, ಮೈಸೂರಿನ ರಾಕೆಟ್ ಸಿಪಾಯಿ, ಕಿತ್ತೂರಿನ ಬಂಟ, ಹೈಫಾದ ಲ್ಯಾನ್ಸರ್. ಪ್ರತಿ ಪೆಟ್ಟಿಗೆಯಲ್ಲೂ ಒಂದು ಚೀಟಿ ಇರಲಿ. ಈ ಅಂಗಿಗೆ ಆಧಾರ ಯಾವ ಕಲ್ಲು, ಯಾವ ಚಿತ್ರ, ಎಲ್ಲಿ ಊಹೆ ಮಾಡಿದ್ದೇವೆ ಎಂದು ಅದರಲ್ಲಿ ನೇರವಾಗಿ ಬರೆದಿರಲಿ. ಪ್ರತಿಮೆಗಳ ಜೊತೆ ಇಂಥ ಚೀಟಿ ಬರುವುದಿಲ್ಲ, ಗೊಂಬೆಯ ಜೊತೆ ಬರಬಹುದು. ಮಾಡಿದ ಕುಶಲಕರ್ಮಿಯ ಹೆಸರೂ ಪೆಟ್ಟಿಗೆಯ ಮೇಲಿರಲಿ, ಮಾರಾಟದಲ್ಲಿ ಅವರಿಗೆ ಪಾಲೂ ಇರಲಿ. ಪ್ರತಿ ವರ್ಷ ಅಕ್ಟೋಬರಿನಲ್ಲಿ ನಡೆಯುವ ಕಿತ್ತೂರು ಉತ್ಸವದಲ್ಲಿ ಶಾಲಾ ಮಕ್ಕಳಿಗೆ ಮಣ್ಣಿನ ಕೋಟೆ ಕಟ್ಟುವ ಸ್ಪರ್ಧೆ ಇಡಬಹುದು. ನಿಯಮ ಒಂದೇ ಸಾಕು: ಎರಡೂ ಕಡೆಯ ಸಿಪಾಯಿಗಳನ್ನು ನಿಲ್ಲಿಸಿದವರಿಗೆ ಹೆಚ್ಚು ಅಂಕ.

ಸರ್ಕಾರಕ್ಕೆ ಕಾಯಬೇಕೆಂದೂ ಇಲ್ಲ. ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳು ಈ ವರ್ಷ ಒಂದು ಮೆಟ್ಟಿಲನ್ನು ತಮ್ಮ ಊರಿನ ವೀರಗಲ್ಲಿಗೆ ಬಿಡಲಿ. ಬಹುತೇಕ ಊರುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ, ದೇವಸ್ಥಾನದ ಹಿಂದೆ, ಕೆರೆ ಏರಿಯ ಮೇಲೆ ಅಥವಾ ಯಾರದೋ ಹೊಲದ ಬದುವಿನಲ್ಲಿ. ಮಕ್ಕಳು ಹೋಗಿ ಅದರ ಫೋಟೊ ತೆಗೆಯಲಿ. ಕೈಯಲ್ಲಿ ಹಿಡಿದದ್ದು ಬಿಲ್ಲೋ ಕತ್ತಿಯೋ, ತಲೆಯ ಮೇಲೆ ತುರುಬೋ ರುಮಾಲೋ ಎಂದು ಗುರುತಿಸಿ, ಮಣ್ಣಿನಲ್ಲೋ ಹಿಟ್ಟಿನಲ್ಲೋ ಒಬ್ಬನನ್ನು ಮಾಡಲಿ. ಅಳತೆ ಸ್ವಲ್ಪ ತಪ್ಪಿದರೂ ಚಿಂತೆಯಿಲ್ಲ. ಕಾಯಿ ಒಡೆಯುವ ಕಲ್ಲು ಎಂದೋ, ಬಟ್ಟೆ ಒಗೆಯುವ ಕಲ್ಲು ಎಂದೋ ಇಷ್ಟು ದಿನ ನೋಡಿದ್ದರಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ ಎಂದು ಆ ಮಗುವಿಗೆ ತಿಳಿದರೆ ಅಷ್ಟು ಸಾಕು.